ಸತ್ತ ಚಿಗರಿಯ ಪಾಲು

“ನೋವಾಗ್ತದೇನು ಕಾಕಾ?”

“ಏನೂ ಇಲ್ರಿ ಡಾಕ್ಟರಬಾಯಿ. ಜಾಲಿ ಮುಳ್ಳ ಚುಚ್ಚೇದ, ಅಷ್ಟ.” ದತ್ತಾತ್ರಿ ಬಲ ಮುಂಗೈ ಮೇಲಿನ ಹುಣ್ಣನ್ನು ಹೆಬ್ಬೆರಳಿನಿಂದ ಒತ್ತಿಯೇ ತೋರಿಸಿದ. ಸುತ್ತಲೂ ಊದಿಕೊಂಡಿತ್ತು, ನಡುವೆ ಇದ್ದಿಲು ಮೆತ್ತಿದಂಥ ಕಪ್ಪು ಹಕ್ಕಳೆ. “ನೋಡ್ರಿ, ಹಿಂಗ ಒತ್ತಿದ್ರೂ ಏನೂ ಅನ್ನಂಗಿಲ್ಲ.”

ಡಾಕ್ಟರ್ ಹುಮೇರಾಳ ಮುಖ ಬಿಳಚಿಕೊಂಡದ್ದನ್ನು ಬಾಗಿಲಲ್ಲಿ ನಿಂತಿದ್ದ ಸಖುಬಾಯಿ ನೋಡಿದಳು. ಹುಮನಾಬಾದಿನಿಂದ ಬಂದು ಮೂರು ವರ್ಷದಿಂದ ಅವರ ಕುರಿಗಳಿಗೆ ಸೂಜಿ ಹಾಕುತ್ತಿದ್ದವಳು. ಈಯಲಾರದೆ ಒದ್ದಾಡುವ ಕುರಿಯ ಹೊಟ್ಟೆಯೊಳಗೆ ಮೊಳಕೈವರೆಗೆ ಕೈ ಇಟ್ಟಾಗಲೂ ನಗುನಗುತ್ತ ಮಾತಾಡುವ ಹೆಂಗಸು. ಇವತ್ತು ಕೊಟ್ಟ ನೀರನ್ನೂ ಮುಟ್ಟಿರಲಿಲ್ಲ.

“ನೋವಾಗಿದ್ರ ಚೊಲೋ ಇತ್ತು ಕಾಕಾ. ಸೋಮವಾರ ನಿಮ್ಮ ಹೊಲದ ಬದುವಿನ ಮ್ಯಾಲ ಒಂದು ಚಿಗರಿ ಸತ್ತ ಬಿದ್ದಿತ್ತು. ನಾ ಬರೂದ್ರಾಗ ಅದರ ಹಿಂದಿನ ತೊಡಿ ಎರಡೂ ಇರಲಿಲ್ಲ. ನಾಯಿ ಹರದಿದ್ದಲ್ಲ, ಕುಡಗೋಲಲೆ ಕೊಯ್ದಿದ್ದು. ಕೊಯ್ದವ್ರು ಯಾರು?”

“ನಮಗೇನ ಗೊತ್ರಿ.” ದತ್ತಾತ್ರಿ ಹೆಂಡತಿಯತ್ತ ಒಮ್ಮೆ ಕಣ್ಣು ಹಾಯಿಸಿದ. ಆ ನೋಟದ ಅರ್ಥ ಸಖುಬಾಯಿಗೆ ತಿಳಿಯಿತು. ಚಿಗರಿ ಮುಟ್ಟಿದರೆ ಜೈಲು ಎಂಬುದು ಹುಡಗಿ ಎಂಬ ಆ ಊರಿನ ಕೂಸಿಗೂ ಗೊತ್ತು. ತಾನಾಗಿ ಸತ್ತದ್ದು, ನಾವು ಕೊಂದದ್ದಲ್ಲ ಎಂದರೆ ಅರಣ್ಯದವರು ನಂಬುತ್ತಾರೆಯೇ?

“ಅದರ ಕಿವಿ ರಕ್ತ ಲ್ಯಾಬಿಗಿ ಕಳಿಸಿದ್ದೆ,” ಎಂದಳು ಹುಮೇರಾ. “ಈಗ ಫೋನ್ ಬಂತು. ನೆರಡಿ ರೋಗ, ಆಂಥ್ರಾಕ್ಸ್ ಅಂತಾರಲ್ಲ ಅದು. ಅದರ ಕ್ರಿಮಿಯೊಳಗ ಎರಡು ಥರದ ಕೆಟ್ಟ ಜೀನ್ ಇರ್ತಾವ ಕಾಕಾ. ಒಂದು ವಿಷ ತಯಾರ ಮಾಡ್ತದ. ಇನ್ನೊಂದು ಕ್ರಿಮಿಗಿ ಕವಚ ತೊಡಸ್ತದ, ನಮ್ಮ ಮೈಯಾಗಿನ ರಕ್ತಕ್ಕ ಅದನ್ನ ಕೊಲ್ಲಾಕ ಬರಂಗಿಲ್ಲ. ಎರಡರಾಗ ಒಂದ ಇದ್ರ ಅದರ ಜೋರು ಕಡಿಮಿ. ಈ ಚಿಗರಿಯೊಳಗ ಎರಡೂ ಸಿಕ್ಕಾವ. ನಿಮ್ಮ ಕೈಗಿ ಇವತ್ತ ಔಷಧ ಸುರು ಮಾಡಿದ್ರ ಉಳೀತೀರಿ. ಖಂಡ ಹೊಟ್ಟ್ಯಾಗ ಹೋದವರಿಗಿ ಮಾತ್ರ ಭಾಳ ಟೈಮ್ ಸಿಗಂಗಿಲ್ಲ.”

“ಕೇಸ್ ಆಗ್ತದೋ ಇಲ್ಲೋ, ಅದನ್ನ ಹೇಳ್ರಿ.”

“ಆಗಂಗಿಲ್ಲ ಅಂತ ನಾ ಸುಳ್ಳ ಹೇಳಂಗಿಲ್ಲ.”

“ಹಂಗಾದ್ರ ಮುಳ್ಳ ಚುಚ್ಚೇದ. ಬರಕೋರಿ.”

“ಹೊಟ್ಟ್ಯಾಗ ಹೋದವರಿಗಿ” ಎಂದು ಹುಮೇರಾ ಅಂದ ಮೇಲೆ ಸಖುಬಾಯಿಗೆ ಮುಂದಿನ ಮಾತು ಯಾವುದೂ ಕೇಳಿಸಲಿಲ್ಲ. ಸೋಮವಾರ ತಾವಿಬ್ಬರೂ ಉಂಡದ್ದು ಉಂಡಾಗಿತ್ತು. ಮಿಕ್ಕದ್ದನ್ನು ಹಿತ್ತಲಲ್ಲಿ ಹಗ್ಗಕ್ಕೆ ಒಣಹಾಕಿದ್ದಳು. ಬಸವಕಲ್ಯಾಣದ ಬಳಿಯ ನಾರಾಯಣಪುರಕ್ಕೆ ಕೊಟ್ಟ ಮಗಳು ಕಾಜಲ ಐದು ತಿಂಗಳ ಬಸುರಿ. ಎರಡು ದಿನದಿಂದ ಫೋನಿನಲ್ಲಿ ಒಂದೇ ಮಾತು: ಅವ್ವಾ, ಒಣಖಂಡದ ಸಾರು ಉಣಬೇಕನಸ್ತದ. ಬೆಳಿಗ್ಗೆ ಗಂಡ ಕುರಿ ಬಿಡಲು ಹೋದಾಗ ಡಬ್ಬಿ ತುಂಬಿ, ಬಸವಕಲ್ಯಾಣದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಬಂದಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಇಸಿದುಕೊಂಡೆ ಎಂದು ಅಳಿಯ ಅನೀಲಕುಮಾರ ಹನ್ನೊಂದಕ್ಕೆ ಫೋನು ಮಾಡಿದ್ದ. ಈಗ ಒಂದು ಗಂಟೆ. ಉಣ್ಣುವ ಹೊತ್ತು.

ಅವಳು ಹೊಸ್ತಿಲು ಇಳಿದು ಬಂದಳು.

“ಕೊಯ್ದವ್ರು ಇವ್ರ, ಡಾಕ್ಟರಬಾಯಿ. ಉಂಡವ್ರು ನಾವು.”

“ಸಖೂ!” ದತ್ತಾತ್ರಿ ಎದ್ದೇ ಬಿಟ್ಟ.

“ಜೇಲಿಗಿ ಹೋಗ್ರಿ. ನಾ ಬುತ್ತಿ ಕಟಗೊಂಡ ಬರ್ತೀನಿ. ಕಾಜಲಗ ಡಬ್ಬಿ ಕಳಿಸೀನಿ ನಾ, ಮುಂಜಾನಿ ಬಸ್ಸಿಗಿ. ನಿಮಗ ಹೇಳಿಲ್ಲ.”

ದತ್ತಾತ್ರಿ ಮತ್ತೆ ಕೂತ.

ಸಖುಬಾಯಿ ಒಳಗಿನಿಂದ ಫೋನು ತಂದಳು. ಹುಮೇರಾಳೇ ಇಸಿದುಕೊಂಡು ಕಾಜಲಳಿಗೆ ಹಚ್ಚಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಅಳಿಯನ ಫೋನು ಬಂದ್ ಆಗಿತ್ತು. ಮತ್ತೆ ಕಾಜಲಳಿಗೇ ಹಚ್ಚಿದರು. ಐದನೆಯ ಸಲ ಬಾರಿಸಿದಾಗ ಆ ಕಡೆಯಿಂದ ನಗುವ ದನಿ ಬಂತು.

“ಅವ್ವಾ, ನೂರು ವರ್ಷ ನಿನಗ! ಸಾರು ಕುದಿಯಾಕತ್ತದ, ಮನಿ ತುಂಬ ವಾಸನಿ—”

ಸಖುಬಾಯಿ ಫೋನು ಕಸಿದುಕೊಂಡಳು. “ಉಂಡೀ ಏನು? ಕಾಜಲಾ, ಉಂಡೀ ಏನು?”

“ಇನ್ನೂ ಇಲ್ಲ. ಯಾಕ? ಅತ್ತಿಯವ್ರು ಜರಾ ಉಪ್ಪು ನೋಡ್ಯಾರ, ಅಷ್ಟ.”

ಹುಮೇರಾ ಫೋನು ತೆಗೆದುಕೊಂಡು ಒಂದೊಂದೇ ಮಾತು ಬಿಡಿಸಿ ಹೇಳಿದಳು. ಒಲೆ ಆರಿಸು. ಮೇಲೆ ಮುಚ್ಚಳ ಹಾಕು. ಚೆಲ್ಲಬೇಡ, ನಾಯಿಗೂ ಹಾಕಬೇಡ. ಸಾಬೂನಿನಿಂದ ಕೈ ತೊಳೆದುಕೊಂಡು ಅತ್ತೆಯನ್ನು ಕರೆದುಕೊಂಡು ಈಗಿಂದೀಗ ಬಸವಕಲ್ಯಾಣದ ದವಾಖಾನೆಗೆ ಹೋಗು. ನಾನು ಅಲ್ಲಿಯ ಡಾಕ್ಟರಿಗೆ ಹೇಳುತ್ತೇನೆ. ಆ ಕಡೆ ನಗು ನಿಂತು, ಪಾತ್ರೆಯ ಮುಚ್ಚಳ ಬಿದ್ದ ಸದ್ದು ಕೇಳಿಸಿತು.

ಆಂಬ್ಯುಲೆನ್ಸಿಗೆ ಫೋನು ಮಾಡಿ ಮುಗಿಸಿದ ಮೇಲೆ ಹುಮೇರಾ ದತ್ತಾತ್ರಿಯ ಎದುರು ನೆಲದ ಮೇಲೇ ಕೂತಳು.

“ಕಾಕಾ, ಎರಡು ತೊಡಿ ನಿಮ್ಮ ಒಂದ ಮನಿಗಿ ಮಿಗ್ತಾವ. ಮತ್ತ ಯಾರ್ಯಾರಿಗಿ ಪಾಲು ಹಾಕೀರಿ?”

ದತ್ತಾತ್ರಿ ಹೆಂಡತಿಯ ಮುಖ ನೋಡಿದ. ಅವಳು ತಲೆಯಾಡಿಸಿದಳು.

“ಪಂಡರಿ ಮನಿಗಿ,” ಎಂದು ಅವನು ಎಡಗೈಯ ಕಿರುಬೆರಳು ಮಡಚಿದ. “ಅಶೋಕಕುಮಾರನ ಮನಿಗಿ... ಅವನ ಅಣ್ಣನ ಮನಿಗಿ...” ಒಂದೊಂದು ಹೆಸರಿಗೂ ದನಿ ಸಣ್ಣದಾಗುತ್ತ ಹೋಯಿತು. ಐದೂ ಬೆರಳು ಮಡಚಿ ಮುಷ್ಟಿಯಾದವು.

ಆಮೇಲೆ ಉಳಿದ ಮನೆಗಳನ್ನು ಎಣಿಸಲು ಹುಣ್ಣಾದ ಬಲಗೈ ಚಾಚಿದ.