ಪಂಕ್ತಿಗೆ ಬೆಳಕು

ನಾಮಕರಣಕ್ಕೆ ಹೊರಡುವ ಮುನ್ನ ಹೇಮಲತಾ ನಾಲ್ಕು ವರ್ಷದ ಮಗಳ ಮುಖಕ್ಕೆ ಎರಡು ಸಲ ಪೌಡರ್ ಬಳಿದಿದ್ದಳು. ಈಗೀಗ ಮೊಬೈಲ್ ನೋಡುವ ಮಕ್ಕಳ ಕೆನ್ನೆಯಲ್ಲಿ ಅದರ ಬೆಳಕು ಉಳಿದುಬಿಡುತ್ತದೆ. ನೋಡಿದಷ್ಟೂ ಹೊಳಪು. ತುತ್ತು ತಿನ್ನಿಸಲು, ಜಡೆ ಹೆಣೆಯಲು, ಹೇಮಲತಾಳಿಗೆ ಮೊಬೈಲ್ ಇಲ್ಲದೆ ಆಗುತ್ತಿರಲಿಲ್ಲ.

"ನಮ್ ಪ್ರಣತಿ ಕೈಗೆ ಮೊಬೈಲೇ ಕೊಡಲ್ಲ ಅತ್ತೆ," ಎಂದಳು, ಊಟಕ್ಕೆ ಪಕ್ಕದಲ್ಲಿ ಕೂತಿದ್ದ ಗಿರಿಜತ್ತೆಗೆ.

ಆಗಲೇ ಕರೆಂಟ್ ಹೋಯಿತು. ಛತ್ರದ ಊಟದ ಹಾಲ್ ಇದ್ದದ್ದು ನೆಲಮಾಳಿಗೆಯಲ್ಲಿ. ಅಲ್ಲೊಂದು ಇಲ್ಲೊಂದು ಮಗುವಿನ ಮುಖ ಮಂದವಾಗಿ ಮಿನುಗಿತು. ಪ್ರಣತಿಯ ಮುಖ ಮಾತ್ರ ಪೌಡರನ್ನೂ ಮೀರಿ ಟ್ಯೂಬ್‌ಲೈಟಿನಂತೆ ಇಡೀ ಪಂಕ್ತಿಯನ್ನು ಬೆಳಗಿತು.

"ಪಾಪೂನ ಸ್ವಲ್ಪ ಈ ಕಡೆ ತಿರುಗಿಸ್ರಕ್ಕ, ಎಲೆ ಕಾಣ್ಲಿ," ಎಂದ ಸಾರಿನ ಬಕೆಟ್ ಹಿಡಿದವನು.

"ಪರವಾಗಿಲ್ಲ, ಊಟ ಮಾಡಮ್ಮ," ಎಂದರು ಗಿರಿಜತ್ತೆ, ಹೇಮಲತಾಳ ಮುಖ ನೋಡದೆ.

ಹೇಮಲತಾ ಬಗ್ಗಿ ಮಗಳ ಮುಖಕ್ಕೆ ಸೆರಗು ಮುಚ್ಚಿದಳು. ಪ್ರಣತಿ ಸೆರಗು ಸರಿಸಿದಳು. ತನ್ನದೇ ಬೆಳಕಿನಲ್ಲಿ ಅಮ್ಮನನ್ನು ಕಣ್ಣರಳಿಸಿ ನೋಡಿದಳು. ಅಮ್ಮನ ಕೆನ್ನೆಯ ಹುಟ್ಟುಮಚ್ಚೆಯ ಮೇಲೆ ಬೆರಳಿಟ್ಟು ಕೇಳಿದಳು:

"ಅಮ್ಮಾ, ಇದು ಯಾವಾಗ ಬಂತು?"