ಮಂಚದ ದಿಕ್ಕು

ಊಟ, ವಸತಿ ಕೊಟ್ಟರೆ ಸಾಕೆಂದು ತೋಟಗಳಲ್ಲಿ ಪುಕ್ಕಟೆ ದುಡಿದು, ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಗಂಡಹೆಂಡಿರ ಫೋಟೋ ನೋಡಿ, 'ಈ ವಯಸ್ಸಲ್ಲಿ ಎಂಥ ಮೋಜು!' ಎಂದು ನೆಂಟರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಜಗಳವಾಡಿ ಮನೆ ಬಿಟ್ಟ ಮಗಳು ಇಂಥದೇ ಯಾವುದೋ ತೋಟದಲ್ಲಿದ್ದಾಳೆಂಬ ಸುಳಿವು ಹಿಡಿದು ಅವರು ಹೊರಟದ್ದು ಯಾರಿಗೂ ಗೊತ್ತಿರಲಿಲ್ಲ.

ಈ ಸಲದ್ದು ಆಲಿವ್ ತೋಟ. ಕೋಣೆಗೆ ಕಾಲಿಟ್ಟ ಹೆಂಡತಿ ಮಂಚದ ಮೇಲೆ ಕುಸಿದಳು.

"ನನ್ನ ಕೈಲಿ ಇನ್ನಾಗಲ್ಲ ರೀ. ಇಲ್ಲೂ ಸಿಗದಿದ್ರೆ ನಾನು ಮುಂದಕ್ಕೆ ಬರಲ್ಲ."

"ಸಿಕ್ತಾಳೆ ಕಣೇ. ಏಳು, ಮಂಚ ತಿರುಗಿಸೋಣ."

ಹೋದಲ್ಲೆಲ್ಲ ಅದೇ ಅವರ ಮೊದಲ ಕೆಲಸ. ಉತ್ತರಕ್ಕೆ ತಲೆ ಹಾಕಿ ಮಲಗಿದರೆ ಹೆಂಡತಿಗೆ ನಿದ್ದೆ ಹತ್ತುತ್ತಿರಲಿಲ್ಲ. ಗಂಡ ಮುಳುಗುತ್ತಿದ್ದ ಸೂರ್ಯನನ್ನು ನೋಡಿ ದಿಕ್ಕು ಗೊತ್ತುಮಾಡಿಕೊಂಡ. ದಿಂಬುಗಳು ಆಗಲೇ ದಕ್ಷಿಣಕ್ಕಿದ್ದವು.

"ಮಂಚ ಓರೆಯಾಗಿದೆ, ಬೇಜಾರು ಮಾಡ್ಕೋಬೇಡಿ," ಎಂದು ಬಾಗಿಲಲ್ಲಿ ನಿಂತ ತೋಟದೊಡತಿ ನಕ್ಕಳು. "ಇಲ್ಲಿದ್ದ ನಿಮ್ಮ ದೇಶದ ಹುಡುಗಿ ಮಾಡಿದ್ದು. ಬೆಳಿಗ್ಗೆ ತಿಂಡಿ ತಿನ್ನುವಾಗ, ಇವತ್ತು ಬರೋರು ಇವರು ಅಂತ ನಿಮ್ಮ ಹೆಸರು ಹೇಳಿದೆ. ತಟ್ಟೆ ಬಿಟ್ಟು ಎದ್ದವಳು ಬಂದು ಮಂಚ ತಿರುಗಿಸಿದಳು, ಚೀಲ ಹೊತ್ತು ಹೊರಟೇ ಹೋದಳು."