ಒಲೆಯ ಎತ್ತರ

“ಇದೇನು ಮೇಸ್ತ್ರಿ, ಒಲೆಯೋ, ಕೂತ್ಕೊಳ್ಳೋ ಕಟ್ಟೆಯೋ?” ಅಡುಗೆಯ ದೊಡ್ಡಮ್ಮ ಸೌಟು ಹಿಡಿದುಕೊಂಡೇ ಕೇಳಿದಳು. ಶಾಲೆಯ ಹಿತ್ತಲಲ್ಲಿ ಹೊಸದಾಗಿ ಎದ್ದಿದ್ದ ಮಣ್ಣಿನ ಒಲೆ ಅವಳ ತೊಡೆಯವರೆಗೆ ಬಂದಿತ್ತು, ಅಷ್ಟೇ.

ಸುತ್ತ ನಿಂತಿದ್ದ ಹದಿನಾಲ್ಕು ಮಕ್ಕಳು ಮಿಕಿಮಿಕಿ ನೋಡಿದರು. ಎರಡು ತಿಂಗಳ ಶನಿವಾರಗಳನ್ನೆಲ್ಲ ಈ ಬಯಲು ಅಡುಗೆಮನೆಗೆ ಸುರಿದವರು ಅವರು. ಪರಿಸರದ ಪಾಠವನ್ನು ಪುಸ್ತಕದಲ್ಲಿ ಓದುವುದಲ್ಲ, ಕೈಯಲ್ಲಿ ಮಾಡುವುದು ಎಂದು ಟೀಚರ್ ಹೇಳಿದ್ದೇ ತಡ, ಮಣ್ಣು ತುಳಿದರು, ಹುಲ್ಲು ಕತ್ತರಿಸಿ ಬೆರೆಸಿದರು, ಒಡೆದ ಹೆಂಚು ಆಯ್ದು ತಂದು ಕಟ್ಟೆಗೆ ಕೂರಿಸಿದರು. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ಕೋಲಿಗೆ ಬಟ್ಟೆಚೂರು ಕಟ್ಟಿ ವಾರಗಟ್ಟಲೆ ನೋಡಿದರು. ಪಾತ್ರೆ ತೊಳೆದ ನೀರು ಸೊಪ್ಪಿನ ಮಡಿಗೆ ಹೋಗಬೇಕು, ಉರಿಗೆ ಅಂಗಳದ ಮರ ಉದುರಿಸಿದ ಕಡ್ಡಿಯೇ ಸಾಕಾಗಬೇಕು, ಎಲ್ಲ ಪಕ್ಕಾ. ಕತ್ತಿಗೆ ಅಳತೆ ಟೇಪು ನೇತುಹಾಕಿಕೊಂಡೇ ತಿರುಗುವ ಒಬ್ಬ ಹುಡುಗಿಯಿದ್ದಳು. ಎಲ್ಲರೂ ಅವಳನ್ನು ಟೇಪು ಎಂದೇ ಕರೆಯುತ್ತಿದ್ದರು. ಅವಳು ದೊಡ್ಡ ಪಾತ್ರೆಯನ್ನೂ ಸೌಟನ್ನೂ ಊಟ ಬಡಿಸುವ ಕಿಟಕಿಯಿಂದಲೇ ಈಸಿಕೊಂಡು ಅಳೆದಿದ್ದಳು. ಅಳೆಯದೆ ಬಿಟ್ಟದ್ದು ಅಡುಗೆ ಮಾಡುವವಳನ್ನು ಮಾತ್ರ. ಒಲೆಯನ್ನು ತಮ್ಮ ಸೊಂಟ ನೋಡಿಕೊಂಡು ಕಟ್ಟಿದ್ದರು.

ಮೇಸ್ತ್ರಿ ತಲೆ ಕೆರೆದುಕೊಂಡ. “ನಾನು ಕೈ ಹಾಕೇ ಇಲ್ಲಮ್ಮ. ಮಕ್ಕಳೇ ಮಾಡ್ಬೇಕು, ನೀವು ಬಾಯಲ್ಲಿ ಹೇಳಿಕೊಡಿ ಸಾಕು ಅಂತ ಟೀಚರ್ ಹೇಳಿದ್ರು. ಮಣ್ಣು ಹದ ಬಂತಾ, ಗೋಡೆ ನೆಟ್ಟಗಿದ್ಯಾ ನೋಡ್ದೆ. ಚೆನ್ನಾಗಿ ಮಾಡಿದಾರೆ, ಸುಳ್ಳು ಹೇಳಲ್ಲ. ಎತ್ತರದ ವಿಷಯ ನನ್ನ ಮಂಡೆಗೂ ಹೊಳೀಲಿಲ್ಲ.”

“ಚೆನ್ನಾಗೇ ಇದೆ. ನನ್ನ ಬೆನ್ನು ಒಪ್ಪಬೇಕಲ್ಲ!” ಎಂದಳು ದೊಡ್ಡಮ್ಮ. ಹೋದ ತಿಂಗಳಷ್ಟೇ ಡಾಕ್ಟರು ಗದರಿಸಿ ಕಳಿಸಿದ್ದರು: ಇನ್ನು ಬಗ್ಗಿ ಕೆಲಸ ಮಾಡಿದರೆ ಹಾಸಿಗೆಯೇ ಗತಿ. ಮಧ್ಯಾಹ್ನದೊಳಗೆ ಎಂಬತ್ತು ತಟ್ಟೆಗೆ ಬೇಯಿಸಬೇಕು. ಒಲೆ ಒಡೆದು ಮತ್ತೆ ಎತ್ತರಕ್ಕೆ ಕಟ್ಟೋಣವೆಂದರೆ ಒಣಗುವುದಕ್ಕೇ ಇಪ್ಪತ್ತು ದಿನ. ಬರುವ ವಾರ ಪರೀಕ್ಷೆ. ಅದು ಮುಗಿದರೆ ಈ ಹದಿನಾಲ್ಕು ಮಂದಿಯೂ ದೊಡ್ಡ ಶಾಲೆಗೆ ಹೊರಟರು. ತಾವು ಕಟ್ಟಿದ ಒಲೆಯ ಒಂದು ತುತ್ತೂ ಅವರ ಬಾಯಿಗೆ ಬೀಳುವುದಿಲ್ಲ.

ಟೇಪು ದೊಡ್ಡಮ್ಮನ ಪಕ್ಕಕ್ಕೆ ಬಂದು ನೆಲದಿಂದ ಅವಳ ಸೊಂಟದವರೆಗೆ ಅಳೆದಳು. ಮುಖ ಪೆಚ್ಚಾಯಿತು. ಸೀದಾ ಹೋಗಿ ಮೇಸ್ತ್ರಿಯ ಗುದ್ದಲಿ ಎಳೆದುಕೊಂಡು ಬಂದಳು.

“ತಪ್ಪು ನಂದೇ. ನಾನೇ ಒಡೀತೀನಿ.”

“ಏಯ್, ಮುಟ್ಟಿದ್ರೆ ನೋಡು!” ದೊಡ್ಡಮ್ಮ ಗುದ್ದಲಿಯನ್ನು ಕಸಿದುಕೊಂಡಳು. ಹುಡುಗಿಯ ಕಣ್ಣು ತುಂಬಿದ್ದು ಕಂಡಳು. ಒಂದು ಗಳಿಗೆ ಒಲೆಯನ್ನೂ ನೆಲವನ್ನೂ ನೋಡಿದಳು. ಮತ್ತೆ ಗುದ್ದಲಿಯ ತುದಿಯಿಂದ ಒಲೆಯ ಮುಂದೆ ಒಂದು ಗೆರೆ ಎಳೆದಳು. “ಒಲೆ ಮೇಲೇಳಲ್ಲ ತಾನೇ? ಹೋಗ್ಲಿ ಬಿಡಿ, ನಾನೇ ಕೆಳಗಿಳೀತೀನಿ. ಇಲ್ಲಿ ಒಂದಡಿ ಅಗೀರಿ.”

ಮಕ್ಕಳು ಹೋ ಎಂದು ಮುಗಿಬಿದ್ದರು. ಮಳೆಗಾಲದಲ್ಲಿ ಗುಂಡಿಯಲ್ಲಿ ನೀರು ನಿಂತರೇನು ಗತಿ ಎಂದು ಒಬ್ಬ ತಕರಾರು ತೆಗೆದ. ಸೊಪ್ಪಿನ ಮಡಿಗೇ ಒಂದು ಕಾಲುವೆ ಬಿಡೋಣ ಎಂದು ಇನ್ನೊಬ್ಬಳು ಬಾಯಿ ಮುಚ್ಚಿಸಿದಳು. ಮೇಸ್ತ್ರಿ ಅಂಚಿಗೆ ಇಟ್ಟಿಗೆ ಇಟ್ಟು, ಇಳಿಯಲು ಒಂದು ಮೆಟ್ಟಿಲು ಮಾಡಿಸಿದ. “ಮೂವತ್ತು ವರ್ಷದಿಂದ ಮನೆಗೆ ಪಾಯ ತೆಗೀತಾ ಇದೀನಿ. ಅಡುಗೆಯವರಿಗೆ ಪಾಯ ತೆಗೆದಿದ್ದು ಇದೇ ಮೊದಲು!” ಎಂದ. ದೊಡ್ಡಮ್ಮ ಸೆರಗು ಸಿಕ್ಕಿಸಿ, ಮಹಾರಾಣಿ ಕೊಳಕ್ಕೆ ಇಳಿದ ಹಾಗೆ ಇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಲೆ ಈಗ ಅವಳ ಕೈಗೆ ಸರಿಯಾಗಿ ಸಿಕ್ಕಿತ್ತು. ಬೆನ್ನು ಚಕಾರವೆತ್ತಲಿಲ್ಲ.

ಒಣಕಡ್ಡಿ ಚಟಪಟ ಹೊತ್ತಿಕೊಂಡಿತು. ಹೊಗೆ ಕೊಳವೆಯಲ್ಲೇ ಮೇಲೆ ಹೋಯಿತು, ಯಾರ ಕಣ್ಣಿಗೂ ಬರಲಿಲ್ಲ. ಮುಚ್ಚಿದ ಅಡುಗೆಮನೆಯ ಧಗೆಯಲ್ಲಿ ಬೆಂದವಳಿಗೆ ಬೆವರಿನ ಮೇಲೆ ಗಾಳಿ ಆಡಿದ್ದು ಹಿತವಾಯಿತು. ಬೇಳೆ ಕುದಿಯತೊಡಗಿದಾಗ ಟೇಪು ಕಡ್ಡಿಯ ಕಟ್ಟು ತಂದು ಹತ್ತಿರ ನಿಂತಳು. ಗುಂಡಿಯಲ್ಲಿ ನಿಂತ ದೊಡ್ಡಮ್ಮನ ಮುಖ ಅವಳ ಮುಖದ ಮಟ್ಟಕ್ಕೇ ಇತ್ತು.

“ಅಲ್ವೇ ಪುಟ್ಟಿ,” ದೊಡ್ಡಮ್ಮ ನಗುತ್ತ ಅವಳ ಕೆನ್ನೆಯ ಮಣ್ಣು ಒರೆಸಿದಳು, “ನನ್ನ ಸೌಟನ್ನೂ ಬಿಡದೆ ಅಳೆದವಳು, ಕಣ್ಣೆದುರಿಗಿರೋ ನನ್ನನ್ನ ಹೇಗೆ ಮರೆತೆ?”

“ಮರೆತಿದ್ದಲ್ಲ ದೊಡ್ಡಮ್ಮ. ನೀವಿಷ್ಟು ಉದ್ದ ಇದೀರಂತ ನಮ್ಮಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ಆ ಊಟದ ಕಿಟಕೀಲಿ ನಮಗೆ ನಿಮ್ಮ ಕೈ ಮಾತ್ರ ಕಾಣೋದು.”

ದೊಡ್ಡಮ್ಮ ನಿಂತಲ್ಲೇ ತಿರುಗಿ ಹಳೆಯ ಅಡುಗೆಮನೆಯ ಕಿಟಕಿಯನ್ನು ನೋಡಿದಳು. ಹನ್ನೊಂದು ವರ್ಷ ಅದರೊಳಗೆ ನಿಂತು ದಿನವೂ ಮಕ್ಕಳಿಗೆ ಬಡಿಸಿದ್ದಳು. ಹೊರಗಿನಿಂದ ಅದು ಇಷ್ಟು ಎತ್ತರವಿದೆಯೆಂದು ಅವಳಿಗೂ ಗೊತ್ತಿರಲಿಲ್ಲ.